ನೀರು ಮುಟ್ಟದ ಮಡಿ

ಕನ್ನಡದಲ್ಲಿ ‘ಮಡಿ’ ಎಂಬ ಮಾತಿಗೂ ನೀರಿಗೂ ಬಿಡಿಸಲಾಗದ ನಂಟು. ಒಗೆದು ಶುಭ್ರಗೊಳಿಸಿದ ಬಟ್ಟೆ ಮಡಿ. ಹಾಗೆ ಮಾಡುವವನು ಮಡಿವಾಳ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಬಟ್ಟೆಗಳನ್ನು ಒಗೆಯುವುದನ್ನೇ ಕಾಯಕವಾಗಿ ಕೈಕೊಂಡಿದ್ದ ಮಾಚಿದೇವರನ್ನು ನಾಡು ಇಂದಿಗೂ ಆ ಕಾಯಕದ ಹೆಸರಿನಿಂದಲೇ ಸ್ಮರಿಸುತ್ತದೆ. ಕೆರೆಯ ದಂಡೆ, ಒಗೆಯುವ ಕಲ್ಲು, ಚೌಳುಮಣ್ಣು, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸುವ ಉಬ್ಬೆ ಇವೆಲ್ಲ ಸೇರಿ ನಡೆಯುತ್ತಿದ್ದ ಆ ಕೆಲಸದಲ್ಲಿ ನೀರಿಲ್ಲದ ಹಂತವೆಂಬುದೇ ಇರಲಿಲ್ಲ. ಇಂಥ ನಾಡಿನಲ್ಲಿ, ಪೇಟೆಬೀದಿಯ ಅಂಗಡಿಯೊಂದರ ಮೇಲೆ ‘ಡ್ರೈ ಕ್ಲೀನರ್ಸ್’ ಎಂಬ ಫಲಕವನ್ನು ಕಂಡವರಿಗೆ ಸಂಶಯ ಮೂಡುವುದು ಸಹಜ. ಡ್ರೈ ಎಂದರೆ ಒಣಗಿದ್ದು. ಒಣಗಿದ ಸ್ಥಿತಿಯಲ್ಲಿಯೇ ಬಟ್ಟೆ ಮಡಿಯಾಗುವುದಾದರೂ ಹೇಗೆ? ಮನೆಯಲ್ಲಿ ಒಗೆಯುವುದಕ್ಕೆ ತಗಲುವ ವೆಚ್ಚದ ಹಲವು ಪಟ್ಟು ಹಣವನ್ನು ತೆತ್ತು ಬಟ್ಟೆಯನ್ನು ಅಲ್ಲಿಗೆ ಕೊಡುವುದು ಯಾವಾಗ ಅವಶ್ಯಕ, ಯಾವಾಗ ಅನವಶ್ಯಕ?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾಗಿದೆ. ಡ್ರೈ ಕ್ಲೀನಿಂಗ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಆ ಯಂತ್ರದೊಳಗೆ ಬಟ್ಟೆಗಳು ತೊಯ್ದು ತೊಪ್ಪೆಯಾಗುತ್ತವೆ. ಆದರೆ ಅವನ್ನು ತೋಯಿಸುವ ದ್ರವ ನೀರಲ್ಲ. ನೀರಿಲ್ಲ ಎಂಬ ಒಂದೇ ಅರ್ಥದಲ್ಲಿ ಅದಕ್ಕೆ ‘ಡ್ರೈ’ ಎಂಬ ವಿಶೇಷಣ ಅಂಟಿಕೊಂಡಿದೆ. ನಿಜವಾಗಿಯೂ ಒಣಗಿದ ಸ್ಥಿತಿಯಲ್ಲಿ ಬಟ್ಟೆಯನ್ನು ಶುಚಿಗೊಳಿಸುವವರು ನಮ್ಮ ಕುರಿಗಾರರು. ಅವರು ಕರಿಕಂಬಳಿಯನ್ನು ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಆ ಹೆಸರಿಗೆ ಹಕ್ಕುಳ್ಳ ಪದ್ಧತಿ ಅದೇ ಎಂದರೂ ಸಲ್ಲುತ್ತದೆ.

ನೀರನ್ನು ಬಿಟ್ಟು ಬೇರೊಂದು ದ್ರವವನ್ನು ಹುಡುಕಬೇಕಾದುದು ಏಕೆಂಬುದನ್ನು ತಿಳಿಯಲು ಕೊಳೆಯ ಸ್ವಭಾವವನ್ನೂ ಬಟ್ಟೆಯ ಸ್ವಭಾವವನ್ನೂ ಬೇರೆಬೇರೆಯಾಗಿ ನೋಡಬೇಕು. ಕೊಳೆಯೆಲ್ಲ ಒಂದೇ ಜಾತಿಯದಲ್ಲ. ಪಾನಕದ ಸಕ್ಕರೆ, ಬೆವರಿನ ಉಪ್ಪು ನೀರಿನಲ್ಲಿ ಕರಗುತ್ತವೆ. ಎಣ್ಣೆ, ತುಪ್ಪ, ಸೈಕಲ್ ಸರಪಳಿಯ ಗ್ರೀಸು, ಕತ್ತಿನ ಚರ್ಮದಿಂದ ಕಾಲರಿಗೆ ಇಳಿಯುವ ಜಿಡ್ಡು ಇವು ಕರಗುವುದಿಲ್ಲ. ಬೀದಿಯ ಧೂಳು ತಾನಾಗಿ ಬಟ್ಟೆಯ ಮೇಲೆ ಬಹಳ ಹೊತ್ತು ನಿಲ್ಲುವಂಥದಲ್ಲ. ಕೊಡವಿದರೆ ಹೆಚ್ಚಿನ ಪಾಲು ಉದುರಿಹೋಗುತ್ತದೆ. ಅದನ್ನು ಎಳೆಗಳಿಗೆ ಅಂಟಿಸಿ ಹಿಡಿದಿಡುವುದು ಈ ಜಿಡ್ಡು. ಜಿಡ್ಡನ್ನು ಬಿಡಿಸಿದರೆ ಧೂಳೂ ಅದರೊಡನೆ ಹೊರಟುಹೋಗುತ್ತದೆ.

ಜಿಡ್ಡನ್ನು ಬಿಡಿಸುವ ಉಪಾಯವು ಹಲಸಿನ ಹಣ್ಣನ್ನು ಬಿಡಿಸುವವರಿಗೆಲ್ಲ ತಿಳಿದಿದೆ. ಹಲಸಿನ ಮೇಣ ಕೈಗೆ ಮೆತ್ತಿಕೊಂಡರೆ ಎಷ್ಟು ನೀರು ಸುರಿದರೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ಉಜ್ಜಿದರೆ ಕೂಡಲೇ ಬಿಡುತ್ತದೆ. ಒಂದು ವಸ್ತು ತನ್ನನ್ನು ಹೋಲುವ ವಸ್ತುವಿನಲ್ಲಿ ಕರಗುತ್ತದೆ, ಹೋಲದುದರಲ್ಲಿ ಕರಗುವುದಿಲ್ಲ ಎಂಬ ರಸಾಯನಶಾಸ್ತ್ರದ ತತ್ತ್ವವೇ ಅಲ್ಲಿ ಕೆಲಸಮಾಡುತ್ತದೆ. ಸಾಬೂನು ಈ ಎರಡು ಪಕ್ಷಗಳ ನಡುವಣ ಮಧ್ಯಸ್ಥ. ಅದರ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿದುಕೊಂಡರೆ ಇನ್ನೊಂದು ತುದಿ ನೀರನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ನೀರಿನೊಡನೆ ಹರಿದುಹೋಗುತ್ತದೆ. ಅಂಟುವಾಳದ ನೊರೆ ಮಾಡುವುದೂ ಇದನ್ನೇ.

ಸಾಬೂನು, ನೀರುಗಳಿಂದಲೇ ಕೊಳೆ ಹೋಗುವುದಾದರೆ ಬೇರೆ ದ್ರವದ ಹಂಗೇಕೆ? ತೊಡಕು ಇರುವುದು ಕೊಳೆಯಲ್ಲಲ್ಲ, ಬಟ್ಟೆಯಲ್ಲಿ. ನೀರು ಕೊಳೆಯನ್ನಷ್ಟೇ ಮುಟ್ಟಿ ಎಳೆಯನ್ನು ಹಾಗೆಯೇ ಬಿಡುವುದಿಲ್ಲ. ಅದು ಎಳೆಯ ಒಳಹೊಕ್ಕು ಉಬ್ಬಿಸುತ್ತದೆ. ಹತ್ತಿಯ ಎಳೆ ಈ ಉಬ್ಬುವಿಕೆಯನ್ನು ಸಹಿಸುವುದಷ್ಟೇ ಅಲ್ಲ, ತೊಯ್ದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಪಂಚೆ, ಹೊದಿಕೆಗಳು ತಲೆಮಾರುಗಳ ಕಾಲ ಒಗೆಯುವ ಕಲ್ಲಿನ ಏಟುಗಳನ್ನು ತಡೆದುಕೊಂಡು ಬಂದುದಕ್ಕೆ ಇದೇ ಕಾರಣ. ಎಲ್ಲ ಎಳೆಗಳಿಗೂ ಈ ಭಾಗ್ಯವಿಲ್ಲ.

ಉಣ್ಣೆಯನ್ನು ನೋಡಿ. ಅದು ಕುರಿಯ ಕೂದಲು. ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅದರ ಮೈಮೇಲೆ ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಚಾಚಿಕೊಂಡಿರುವ ಹುರುಪೆಗಳು ಕಾಣುತ್ತವೆ. ಅವೆಲ್ಲವೂ ಬುಡದಿಂದ ತುದಿಯ ಕಡೆಗೆ ಮುಖಮಾಡಿರುತ್ತವೆ. ಬಿಸಿನೀರಿನಲ್ಲಿ ಉಣ್ಣೆ ಮೆತ್ತಗಾಗಿ ಉಬ್ಬಿರುವಾಗ ಅದನ್ನು ಉಜ್ಜಿದರೆ, ಪ್ರತಿಯೊಂದು ಎಳೆಯೂ ಒಂದೇ ದಿಕ್ಕಿಗೆ ತೆವಳುತ್ತದೆ. ಹಿಂದಕ್ಕೆ ಸರಿಯದಂತೆ ಹುರುಪೆಗಳು ತಡೆಯುತ್ತವೆ. ಹುಲ್ಲಿನ ಮುಳ್ಳುತೆನೆಯೊಂದು ಅಂಗಿಯ ತೋಳಿನೊಳಗೆ ಸೇರಿದರೆ ಮೇಲಕ್ಕೆ ಏರುತ್ತಲೇ ಹೋಗುವುದನ್ನು ಹೊಲದಲ್ಲಿ ತಿರುಗಾಡಿದವರು ಬಲ್ಲರು. ಹೀಗೆ ಎಳೆಗೆ ಎಳೆ ತೊಡರಿ ಬಿಗಿದುಕೊಂಡು ಬಟ್ಟೆ ದಪ್ಪವಾಗಿ, ಕಿರಿದಾಗಿ ಗಂಟುಕಟ್ಟುತ್ತದೆ. ದೊಡ್ಡವರ ಸ್ವೆಟರು ಕುದಿನೀರಿನ ಬಕೆಟ್ಟಿನಿಂದ ಮಗುವಿನ ಸ್ವೆಟರಾಗಿ ಹೊರಬರುವುದು ಇದರಿಂದಲೇ. ಒಮ್ಮೆ ಹೀಗಾದ ಉಣ್ಣೆಯನ್ನು ಮೊದಲಿನ ಅಳತೆಗೆ ತರುವ ವಿದ್ಯೆ ಯಾರಲ್ಲಿಯೂ ಇಲ್ಲ. ಆದರೂ ಕೈಯಿಂದ ಹೆಣೆದ ಸ್ವೆಟರನ್ನು ಅಂಗಡಿಗೆ ಕೊಡಲೇಬೇಕೆಂದಿಲ್ಲ. ತಣ್ಣೀರಿನಲ್ಲಿ ಮೃದುವಾದ ಸಾಬೂನು ಬೆರೆಸಿ, ಉಜ್ಜದೆ, ಹಿಂಡದೆ, ಅದುಮಿ ಅದುಮಿ ತೊಳೆದು, ನೆರಳಿನಲ್ಲಿ ನೆಲದ ಮೇಲೆ ಹರವಿದರೆ ಸಾಕು. ಉಣ್ಣೆಗೆ ಕೇಡು ಬಗೆಯುವುದು ನೀರೊಂದೇ ಅಲ್ಲ. ನೀರು, ಶಾಖ, ತಿಕ್ಕಾಟ ಈ ಮೂರೂ ಕೂಡಿದಾಗಲೇ ಅನಾಹುತ ಪೂರ್ಣವಾಗುತ್ತದೆ.

ರೇಷ್ಮೆಯ ವಿಚಾರ ಇನ್ನಷ್ಟು ಸ್ವಾರಸ್ಯವಾದುದು. ರೇಷ್ಮೆಗೆ ನೀರು ಸೋಕಿಸಬಾರದೆಂಬುದು ಜನಜನಿತವಾದ ನಂಬಿಕೆ. ಆದರೆ ರೇಷ್ಮೆ ಹುಟ್ಟುವುದೇ ಬಿಸಿನೀರಿನಲ್ಲಿ. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಹುಳು ಕೊಟ್ಟ ಅಂಟನ್ನು ತೆಗೆಯುವುದಕ್ಕೆ ಮತ್ತೊಮ್ಮೆ ಸಾಬೂನಿನ ನೀರಿನಲ್ಲಿ ಕುದಿಸುತ್ತಾರೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಈ ಅಂಟೇ. ಇಷ್ಟು ಬೆಂದು ಬಂದ ಎಳೆಗೆ ಒಂದು ಬಕೆಟ್ ತಣ್ಣೀರಿನಿಂದ ಆಪತ್ತು ಬರುವುದು ಹೇಗೆ? ಆಪತ್ತು ಎಳೆಗಲ್ಲ, ಎಳೆಯಿಂದ ಮನುಷ್ಯ ಮಾಡಿದ ವಸ್ತುವಿಗೆ. ಬಣ್ಣ, ಹುರಿ, ಜರಿ ಈ ಮೂರರಲ್ಲಿ ಯಾವುದಾದರೊಂದು ನೀರಿಗೆ ಅಂಜುವಂಥದಿದ್ದರೆ ಸೀರೆಯೂ ಅಂಜಬೇಕಾಗುತ್ತದೆ.

ಮೈಸೂರು ರೇಷ್ಮೆಯ ಕ್ರೇಪ್ ಸೀರೆ ಇದಕ್ಕೆ ತಕ್ಕ ಉದಾಹರಣೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ರೇಷ್ಮೆ ನೇಯ್ಗೆ ಕಾರ್ಖಾನೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತದಲ್ಲಿದೆ. ಕ್ರೇಪ್ ಬಟ್ಟೆಯ ನವುರಾದ ಇಳಿಬೀಳು, ಮೈಮೇಲಿನ ಕಾಣದಷ್ಟು ಸಣ್ಣ ಸುಕ್ಕು ಇವೆಲ್ಲ ನೂಲಿಗೆ ಕೊಟ್ಟ ಬಿಗಿಯಾದ ಹುರಿಯ ಫಲ. ಹಗ್ಗವನ್ನು ಅತಿಯಾಗಿ ಹೊಸೆದು ಕೈಬಿಟ್ಟರೆ ಅದು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆಯಷ್ಟೆ? ಕ್ರೇಪ್ ನೂಲಿನೊಳಗೂ ಅಂಥ ಸೆಟೆತವೊಂದು ಅಡಗಿ ಕುಳಿತಿರುತ್ತದೆ. ನೀರು ತಗಲಿ ಎಳೆ ಉಬ್ಬಿದೊಡನೆ ಆ ಸೆಟೆತ ಎಚ್ಚರಗೊಂಡು ಬಟ್ಟೆಯನ್ನು ಒಳಗೊಳಗೇ ಸೆಳೆಯುತ್ತದೆ; ಸೀರೆ ಕುಗ್ಗುತ್ತದೆ, ಅಂಚು ಸೊಟ್ಟಗಾಗುತ್ತದೆ. ಜರಿಯ ಅಂಚಿನ ಮಾತು ಬೇರೆ. ಅಸಲಿ ಜರಿಯೆಂದರೆ ರೇಷ್ಮೆಯ ನೂಲಿನ ಸುತ್ತ ಸುತ್ತಿದ, ಚಿನ್ನದ ಲೇಪವುಳ್ಳ ಬೆಳ್ಳಿಯ ತೆಳುತಂತಿ. ರೇಷ್ಮೆ ಕುಗ್ಗಿದಷ್ಟು ತಂತಿ ಕುಗ್ಗಲಾರದು. ಹೀಗೆ ಒಂದೇ ಸೀರೆಯಲ್ಲಿ ಮೈ ಒಂದು ಕಡೆಗೆ, ಅಂಚು ಒಂದು ಕಡೆಗೆ ಎಳೆದಾಡುವಂತಾಗುತ್ತದೆ. ಇಂಥ ಸೀರೆಯನ್ನು ಡ್ರೈ ಕ್ಲೀನಿಂಗಿಗೆ ಕೊಡುವುದೇ ಲೇಸು. ಹುರಿಯಿಲ್ಲದ, ಸರಳ ನೇಯ್ಗೆಯ, ಬಣ್ಣ ಗಟ್ಟಿಯಾಗಿರುವ ರೇಷ್ಮೆಬಟ್ಟೆಯನ್ನಾದರೋ ಅಂಟುವಾಳದ ನೀರಿನಲ್ಲಿ ಮನೆಯಲ್ಲಿಯೇ ತೊಳೆಯಬಹುದು; ಅಜ್ಜಿಯರ ಕಾಲದಲ್ಲಿ ಎಷ್ಟೋ ಮನೆಗಳ ಪಟ್ಟೆಮಡಿಗಳು ಹಾಗೆಯೇ ಬಾಳಿದುವು. ಬಣ್ಣದ ಗಟ್ಟಿತನವನ್ನು ಪರೀಕ್ಷಿಸುವುದು ಕಷ್ಟವಲ್ಲ. ಬಿಳಿಯ ಹತ್ತಿಬಟ್ಟೆಯ ತುಂಡೊಂದನ್ನು ಒದ್ದೆಮಾಡಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಕೆಲವು ನಿಮಿಷ ಒತ್ತಿ ಹಿಡಿದರೆ, ಬಣ್ಣ ಬಿಡುವ ಸೀರೆ ಅಲ್ಲಿಯೇ ಸಾಕ್ಷಿ ಹೇಳುತ್ತದೆ.

ಮನುಷ್ಯನಿರ್ಮಿತ ಎಳೆಗಳಲ್ಲಿ ಎರಡು ತುದಿಗಳಿವೆ. ವಿಸ್ಕೋಸ್ ರೇಯಾನ್ ಮರದ ತಿರುಳಿನಿಂದ ತಯಾರಾಗುವ ಎಳೆ. ತುಂಗಭದ್ರೆಯ ದಡದಲ್ಲಿ ಹರಿಹರದ ಬಳಿ ಇಂಥ ತಿರುಳನ್ನು ತಯಾರಿಸುವ ಕಾರ್ಖಾನೆ 1970ರ ದಶಕದಿಂದ ನಡೆಯುತ್ತಿದೆ. ರೇಷ್ಮೆಯ ಹೊಳಪುಳ್ಳ ಈ ಎಳೆ ನೀರಿನಲ್ಲಿ ತೊಯ್ದಾಗ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಆಗ ಅದನ್ನು ಹಿಂಡುವುದೆಂದರೆ ಹರಿಯುವುದಕ್ಕೆ ಸಮ. ಪಾಲಿಯೆಸ್ಟರ್, ನೈಲಾನ್‌ಗಳು ಇನ್ನೊಂದು ತುದಿ. ಅವು ನೀರನ್ನು ಒಳಗೆ ಬಿಟ್ಟುಕೊಳ್ಳುವುದು ತೀರ ಕಡಿಮೆಯಾದ್ದರಿಂದ ಕುಗ್ಗುವ ಭಯವೂ ಇಲ್ಲ. ಪಾಲಿಯೆಸ್ಟರ್ ಸೀರೆಯನ್ನೂ ಹತ್ತಿಯ ಅಂಗಿಯನ್ನೂ ಡ್ರೈ ಕ್ಲೀನಿಂಗಿಗೆ ಕೊಡುವವರು ಅಂಗಡಿಯವನಿಗೆ ಉಪಕಾರ ಮಾಡುತ್ತಾರೆಯೇ ಹೊರತು ಬಟ್ಟೆಗಲ್ಲ.

ಕೋಟಿನ ವಿಚಾರದಲ್ಲಿ ಎಳೆಗಿಂತ ಹೊಲಿಗೆ ಮುಖ್ಯ. ಹೊರಗಡೆ ಉಣ್ಣೆ, ಒಳಗಡೆ ನುಣುಪಾದ ಅಸ್ತರಿ, ಎದೆಯ ಭಾಗ ಸೆಟೆದು ನಿಲ್ಲುವಂತೆ ನಡುವೆ ಕ್ಯಾನ್‌ವಾಸ್, ಭುಜಕ್ಕೆ ಹತ್ತಿಯ ಮೆತ್ತೆ ಹೀಗೆ ಕೋಟು ಒಂದು ಬಟ್ಟೆಯಲ್ಲ, ಹಲವು ಬಟ್ಟೆಗಳ ಕೂಡುಕುಟುಂಬ. ನೀರಿನಲ್ಲಿ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತದೆ. ಒಗೆದ ಕೋಟು ಎದೆಯ ಮೇಲೆ ಗುಳ್ಳೆ ಎದ್ದಂತೆ ಕಾಣುವುದು ಈ ಒಡಕಿನಿಂದ. ಮಣಿ, ಮಿಣುಕುಬಿಲ್ಲೆಗಳನ್ನು ಅಂಟಿಸಿದ ಉಡುಪುಗಳದು ಇನ್ನೊಂದು ಬಗೆಯ ಸಂಕಟ. ಅವುಗಳಲ್ಲಿ ಕೆಲವು ಡ್ರೈ ಕ್ಲೀನಿಂಗಿನ ದ್ರಾವಕದಲ್ಲಿಯೇ ಮೆತ್ತಗಾಗಿ ಕರಗುತ್ತವೆ. ರೆಕ್ಸಿನ್ನಿನಂಥ ಲೇಪಿತ ಬಟ್ಟೆಗಳು ಅದರಲ್ಲಿ ಮುಳುಗಿ ಬಂದರೆ ಹಪ್ಪಳದಂತೆ ಸೆಟೆದುಕೊಳ್ಳುತ್ತವೆ. ನೀರಿಗೆ ಹೆದರುವ ಬಟ್ಟೆಗಳಿರುವಂತೆ ದ್ರಾವಕಕ್ಕೆ ಹೆದರುವ ಬಟ್ಟೆಗಳೂ ಇವೆಯೆಂಬುದನ್ನು ಮರೆಯಲಾಗದು.

ಎಳೆಯೊಳಗೆ ನುಗ್ಗದೆ, ಅದನ್ನು ಉಬ್ಬಿಸದೆ, ಜಿಡ್ಡನ್ನಷ್ಟೇ ಕರಗಿಸಿ ತರುವ ದ್ರವಕ್ಕಾಗಿ ಮನುಷ್ಯ ಬಹುಕಾಲ ಹುಡುಕಾಡಿದ್ದಾನೆ. ಪ್ರಾಚೀನ ರೋಮಿನ ಅಗಸರು ಉಣ್ಣೆಯ ಬಟ್ಟೆಗಳ ಜಿಡ್ಡು ಹೀರಲು ಒಂದು ಬಗೆಯ ಜೇಡಿಮಣ್ಣನ್ನು ಬಳಸುತ್ತಿದ್ದರು. ಆಧುನಿಕ ಕಾಲದ ಕಥೆ ಆರಂಭವಾಗುವುದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಅಲ್ಲಿ 1791ರಲ್ಲಿ ಜನಿಸಿದ ಥಾಮಸ್ ಜೆನಿಂಗ್ಸ್ ವೃತ್ತಿಯಿಂದ ದರ್ಜಿ. ಕಪ್ಪು ಜನಾಂಗದವನಾದರೂ ಸ್ವತಂತ್ರನಾಗಿ ಹುಟ್ಟಿದವನು. ಅವನ ಹೆಂಡತಿಯಾದರೋ ಗುಲಾಮಗಿರಿಯಲ್ಲಿ ಹುಟ್ಟಿದವಳು. ಬೆಲೆಬಾಳುವ ಉಡುಪುಗಳು ಕಲೆಯಾಗಿ ಕೆಡುವುದನ್ನು ಕಂಡು ಅವನು ಅವನ್ನು ಶುಚಿಗೊಳಿಸುವ ಹೊಸ ವಿಧಾನವೊಂದನ್ನು ಕಂಡುಹಿಡಿದು, 1821ರ ಮಾರ್ಚ್ 3ರಂದು ಪೇಟೆಂಟ್ ಪಡೆದನು. ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕಪ್ಪು ಮನುಷ್ಯ ಅವನೇ ಎಂದು ಇತಿಹಾಸಕಾರರು ಹೇಳುತ್ತಾರೆ. 1836ರಲ್ಲಿ ಅಲ್ಲಿನ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದು ಆ ದಾಖಲೆ ಸುಟ್ಟುಹೋದುದರಿಂದ ಅವನ ವಿಧಾನದ ವಿವರ ಲೋಕಕ್ಕೆ ಉಳಿಯಲಿಲ್ಲ. ಆ ವಿದ್ಯೆಯಿಂದ ಬಂದ ಹಣದಲ್ಲಿ ಅವನು ತನ್ನವರನ್ನು ಗುಲಾಮಗಿರಿಯಿಂದ ಬಿಡಿಸಿಕೊಂಡನು; ಉಳಿದುದನ್ನು ಗುಲಾಮಗಿರಿಯ ವಿರುದ್ಧ ನಡೆದ ಹೋರಾಟಕ್ಕೆ ಧಾರೆಯೆರೆದನು. ಅವನ ಮಗಳು ಎಲಿಜಬೆತ್ತಳನ್ನು 1854ರಲ್ಲಿ ಬಿಳಿಯರ ಟ್ರಾಮಿನಿಂದ ಬಲವಂತವಾಗಿ ಕೆಳಗಿಳಿಸಿದಾಗ ಆಕೆ ನ್ಯಾಯಾಲಯದ ಮೆಟ್ಟಿಲೇರಿ, ಮರುವರ್ಷ ಗೆದ್ದಳು. ಆಕೆಯ ಪರವಾಗಿ ವಾದಿಸಿದ ತರುಣ ವಕೀಲ ಚೆಸ್ಟರ್ ಆರ್ಥರ್ ಮುಂದೆ 1881ರಲ್ಲಿ ಅಮೆರಿಕದ ರಾಷ್ಟ್ರಾಧ್ಯಕ್ಷನಾದನು. ಬಟ್ಟೆಯ ಕಲೆ ತೆಗೆಯುವ ಕಸುಬಿನ ಚರಿತ್ರೆಯಲ್ಲಿ ಈ ಮನೆತನಕ್ಕೆ ಸಿಗಬೇಕಾದ ಮನ್ನಣೆ ಬಹುಕಾಲ ಸಿಗಲಿಲ್ಲ.

ಸಾಮಾನ್ಯವಾಗಿ ಪುಸ್ತಕಗಳು ಹೇಳುತ್ತ ಬಂದುದು ಪ್ಯಾರಿಸ್ ನಗರದ ಜೋಲಿ ಎಂಬ ಬಣ್ಣಗಾರನ ಕಥೆಯನ್ನು. ಮನೆಗೆಲಸದವಳ ಕೈತಪ್ಪಿ ದೀಪದ ಎಣ್ಣೆ ಮೇಜಿನ ಹಾಸಿನ ಮೇಲೆ ಚೆಲ್ಲಿತಂತೆ. ಅದು ಬಿದ್ದ ಜಾಗವಷ್ಟೇ ಶುಭ್ರವಾದುದನ್ನು ಜೋಲಿ ಕಂಡನಂತೆ. ಕಥೆ ಎಷ್ಟು ನಿಜವೋ, 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಟರ್ಪೆಂಟೈನಿನಂಥ ದ್ರವಗಳಿಂದ ಬಟ್ಟೆ ಶುಚಿಗೊಳಿಸುವ ಉದ್ಯಮ ಬೆಳೆದುದಂತೂ ನಿಜ. ಮುಂದೆ ಬೆಂಜೀನ್, ಪೆಟ್ರೋಲ್‌ಗಳು ಬಂದುವು. ಇವು ಜಿಡ್ಡನ್ನು ಚೆನ್ನಾಗಿ ಕರಗಿಸುತ್ತಿದ್ದುವು. ಹಾಗೆಯೇ ಒಂದು ಕಿಡಿ ತಗಲಿದರೆ ಅಂಗಡಿಯನ್ನೇ ಸುಡುತ್ತಿದ್ದುವು. 1920ರ ದಶಕದಲ್ಲಿ ಅಮೆರಿಕದ ಅಟ್ಲಾಂಟ ನಗರದ ಉದ್ಯಮಿ ಸ್ಟಾಡರ್ಡ್ ಎಂಬಾತ ವಿಜ್ಞಾನಿಗಳ ನೆರವಿನಿಂದ, ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಿಡಿ ಸೋಕಿದರೂ ಹೊತ್ತಿಕೊಳ್ಳದ ಪೆಟ್ರೋಲಿಯಂ ದ್ರಾವಕವೊಂದನ್ನು ಬಳಕೆಗೆ ತಂದನು. ತಣ್ಣನೆಯ ದೇಶಗಳಿಗೆ ಅದೊಂದು ದೊಡ್ಡ ನೆಮ್ಮದಿ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ನೆರಳಿನ ತಾಪವೇ ಆ ಎಲ್ಲೆಯನ್ನು ದಾಟುತ್ತದೆ. ಭಾರತದ ಅನೇಕ ಸಣ್ಣ ಅಂಗಡಿಗಳು ಇದೇ ಜಾತಿಯ ಖನಿಜ ಟರ್ಪೆಂಟೈನನ್ನು ಬಳಸುತ್ತವೆ; ‘ಪೆಟ್ರೋಲ್ ವಾಷ್’ ಎಂಬ ಹಳೆಯ ಹೆಸರೂ ಫಲಕಗಳ ಮೇಲೆ ಅಲ್ಲಲ್ಲಿ ಉಳಿದಿದೆ. ಆ ಹೆಸರನ್ನು ನೋಡಿ ಮನೆಯಲ್ಲಿ ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ಸೀರೆಯ ಕಲೆ ಉಜ್ಜಲು ಹೊರಡುವುದು ಪ್ರಾಣಕ್ಕೇ ಸಂಚಕಾರ.

ಬೆಂಕಿಗೆ ಹೆದರದ ದ್ರಾವಕ 1930ರ ದಶಕದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಅದರ ಹೆಸರು ಪರ್‌ಕ್ಲೋರೋಎಥಿಲೀನ್. ಕಸುಬಿನವರ ಬಾಯಿಯಲ್ಲಿ ‘ಪರ್ಕ್’. ಜೆನಿಂಗ್ಸ್ ಪೇಟೆಂಟ್ ಪಡೆದ 1821ರಲ್ಲಿಯೇ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಇದನ್ನು ಮೊದಲ ಬಾರಿಗೆ ತಯಾರಿಸಿದ್ದನು; ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದಿರಲಾರದು. ಇದು ಬಣ್ಣವಿಲ್ಲದ, ನವಿರಾದ ಸಿಹಿವಾಸನೆಯ ದ್ರವ. ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಕಿಡಿಗೆ ಹೊತ್ತಿಕೊಳ್ಳುವುದಿಲ್ಲ.

ಅಂಗಡಿಗೆ ಕೊಟ್ಟ ಬಟ್ಟೆಗೆ ಮೊದಲು ಗುರುತಿನ ಚೀಟಿಯನ್ನು ಚುಚ್ಚುತ್ತಾರೆ. ಬಳಿಕ ಜೇಬುಗಳ ಶೋಧನೆ. ಮರೆತುಹೋದ ಒಂದು ಪೆನ್ನು ಒಂದು ಗಾಣದ ಬಟ್ಟೆಗಳನ್ನೆಲ್ಲ ಮಸಿ ಮಾಡಬಲ್ಲದು. ಆಮೇಲೆ ಕಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅದಕ್ಕೆ ತಕ್ಕ ಮದ್ದನ್ನು ಹನಿಹನಿಯಾಗಿ ಹಾಕಿ ಬಿಡಿಸುವ ಕೆಲಸ. ಯಂತ್ರ ಎಷ್ಟೇ ದೊಡ್ಡದಾಗಿರಲಿ, ಅಂಗಡಿಯ ಕೀರ್ತಿ ನಿಂತಿರುವುದು ಈ ಕಲೆ ತೆಗೆಯುವವನ ಕೈಮೇಲೆ. ಕೊನೆಗೆ ಬಟ್ಟೆಗಳು ಯಂತ್ರದ ಪೀಪಾಯಿಯನ್ನು ಸೇರುತ್ತವೆ. ದ್ರಾವಕ ಒಳಗೆ ಹರಿದು ಬಂದು, ಪೀಪಾಯಿ ಮೆಲ್ಲಗೆ ಉರುಳಿ, ಜಿಡ್ಡು ಕರಗುತ್ತದೆ. ದ್ರಾವಕದೊಡನೆ ಸ್ವಲ್ಪ ಮಾರ್ಜಕವನ್ನೂ, ತೀರ ಕೊಂಚ ನೀರನ್ನೂ ಬೆರೆಸುವುದುಂಟು. ನೀರಿನಲ್ಲಿ ಕರಗುವ ಕೊಳೆಯೂ ಅಷ್ಟಿಷ್ಟು ಹೋಗಲೆಂದು. ನಂತರ ರಭಸದಿಂದ ತಿರುಗಿಸಿ ದ್ರಾವಕವನ್ನು ಹೊರಚೆಲ್ಲಿ, ಬೆಚ್ಚನೆಯ ಗಾಳಿಯಿಂದ ಉಳಿದುದನ್ನು ಆವಿಮಾಡಿ, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿ ಹಿಡಿದುಕೊಳ್ಳುತ್ತಾರೆ. ಕೊಳೆಯಾದ ದ್ರಾವಕವನ್ನು ಬಟ್ಟಿಯಿಳಿಸಿ ಶುದ್ಧಗೊಳಿಸಿ ಮರುದಿನ ಬೇರೆ ಬಟ್ಟೆಗಳಿಗೆ ಬಳಸುತ್ತಾರೆ. ಈ ಬಟ್ಟಿಯ ಕೆಲಸದಲ್ಲಿ ಜಿಪುಣತನ ತೋರಿದ ಅಂಗಡಿಯಿಂದ ಬಿಳಿಯ ರೇಷ್ಮೆ ಬೂದಿಬಣ್ಣಕ್ಕೆ ತಿರುಗಿ ಮರಳುತ್ತದೆ.

ಇಷ್ಟಾದರೂ ಡ್ರೈ ಕ್ಲೀನಿಂಗ್ ಸರ್ವರೋಗಕ್ಕೆ ಮದ್ದಲ್ಲ. ಮದುವೆಮನೆಯಲ್ಲಿ ಸೀರೆಯ ಮೇಲೆ ಚೆಲ್ಲಿದ ಪಾಯಸದಲ್ಲಿ ತುಪ್ಪವೂ ಇದೆ, ಸಕ್ಕರೆಯೂ ಇದೆ. ತುಪ್ಪ ದ್ರಾವಕಕ್ಕೆ ಬಗ್ಗುತ್ತದೆ, ಸಕ್ಕರೆ ಬಗ್ಗುವುದಿಲ್ಲ. ಒಣಗಿದ ಸಕ್ಕರೆ ಕಣ್ಣಿಗೆ ಕಾಣದೆ ಎಳೆಗಳಲ್ಲಿ ಕುಳಿತಿದ್ದು, ಇಸ್ತ್ರಿಯ ಶಾಖ ತಗಲಿದಾಗಲೋ ಪೆಟ್ಟಿಗೆಯಲ್ಲಿ ಕೆಲವು ತಿಂಗಳು ಕಳೆದಾಗಲೋ ಕಂದುಗಲೆಯಾಗಿ ಮೇಲೇಳುತ್ತದೆ. ಅರಿಶಿನದ ಕಲೆ ಇನ್ನೂ ಹಟಮಾರಿ. ಅದು ತಣ್ಣೀರಿನಲ್ಲಿ ಕರಗುವುದಿಲ್ಲ. ಸಾಬೂನು ಸೋಕಿದರೆ ಕೆಂಪಾಗುತ್ತದೆ. ಪ್ರಯೋಗಶಾಲೆಯಲ್ಲಿ ಅರಿಶಿನದ ಕಾಗದದಿಂದ ಕ್ಷಾರವನ್ನು ಗುರುತಿಸಿದ ವಿದ್ಯಾರ್ಥಿಗಳಿಗೆ ಇದರ ಕಾರಣ ಹೊಸದಲ್ಲ. ಬಿಸಿಲಿನಲ್ಲಿ ಅರಿಶಿನದ ಬಣ್ಣ ಮಾಸುತ್ತದೆಂಬುದು ನಿಜವಾದರೂ ಅದೇ ಬಿಸಿಲು ರೇಷ್ಮೆಯ ಎಳೆಯನ್ನೂ ನಿಸ್ಸತ್ತ್ವಗೊಳಿಸುತ್ತದೆ. ಆದ್ದರಿಂದ ಬಟ್ಟೆಯನ್ನು ಕೊಡುವಾಗ ಕಲೆ ಎಲ್ಲಿದೆ, ಏನು ಬಿದ್ದುದರಿಂದ ಆಯಿತು, ಎಷ್ಟು ದಿನವಾಯಿತು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ವೈದ್ಯನೆದುರು ರೋಗವನ್ನು ಮುಚ್ಚಿಡುವವರಂತೆ ಕಲೆಯನ್ನು ಮಡಿಕೆಯೊಳಗೆ ಅಡಗಿಸಿ ಕೊಡುವವರು ಬಹಳ ಮಂದಿ.

ಸಿದ್ಧ ಉಡುಪುಗಳ ಒಳಗೆ ಹೊಲಿದಿರುವ ಪಟ್ಟಿಯ ಮೇಲಿನ ಚಿಹ್ನೆಗಳೂ ಈ ವಿಷಯದಲ್ಲಿ ನೆರವಾಗುತ್ತವೆ. ನೀರಿನ ತೊಟ್ಟಿಯ ಚಿತ್ರವಿದ್ದರೆ ಒಗೆಯಬಹುದು. ಅದರ ಮೇಲೆ ಅಡ್ಡಗೆರೆಗಳಿದ್ದರೆ ಒಗೆಯಬಾರದು. ವೃತ್ತವು ಅಂಗಡಿಯ ಶುಚಿಕಾರ್ಯದ ಗುರುತು. ವೃತ್ತದೊಳಗಿನ ‘ಪಿ’ ಅಕ್ಷರ ಪರ್ಕ್ ಮುಂತಾದ ದ್ರಾವಕಗಳನ್ನು, ‘ಎಫ್’ ಅಕ್ಷರ ಪೆಟ್ರೋಲಿಯಂ ಜಾತಿಯ ದ್ರಾವಕಗಳನ್ನು ಮಾತ್ರ ಸೂಚಿಸುತ್ತದೆ. ಆದರೂ ಪಟ್ಟಿಯ ಮಾತನ್ನು ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ಒಗೆದು ಕೆಟ್ಟರೆ ದೂರು ತಮ್ಮ ಮೇಲೆ ಬರದಿರಲೆಂದು, ಒಗೆಯಬಹುದಾದ ಬಟ್ಟೆಗೂ ‘ಡ್ರೈ ಕ್ಲೀನ್ ಮಾತ್ರ’ ಎಂದು ಬರೆದುಬಿಡುವ ತಯಾರಕರಿದ್ದಾರೆ.

ಈ ಅನವಶ್ಯಕ ಎಚ್ಚರಿಕೆಯ ಬೆಲೆಯನ್ನು ತೆರುವವರು ಹಣ ಕೊಡುವವರಷ್ಟೇ ಅಲ್ಲ. ಜಿಡ್ಡನ್ನು ಕರಗಿಸುವ ದ್ರಾವಕಕ್ಕೆ ಸೀರೆಯ ಮೇಲಿನ ಜಿಡ್ಡು, ಮನುಷ್ಯನ ಮೈಯೊಳಗಿನ ಕೊಬ್ಬು ಎಂಬ ಭೇದವಿಲ್ಲ. ಪರ್ಕ್‌ನ ಆವಿಯನ್ನು ಉಸಿರಾಡಿದರೆ ಅದು ರಕ್ತವನ್ನು ಸೇರಿ ತಲೆನೋವು, ತಲೆಸುತ್ತನ್ನು ತರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಹಳೆಯ ಕಾಲದಲ್ಲಿ ತೊಳೆಯುವ ಯಂತ್ರವೊಂದು, ಒಣಗಿಸುವ ಯಂತ್ರವೊಂದು ಇರುತ್ತಿದ್ದುವು. ತೊಟ್ಟಿಕ್ಕುವ ಬಟ್ಟೆಗಳನ್ನು ಕೆಲಸಗಾರರು ಕೈಯಿಂದಲೇ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ದಿನವೂ ಆ ಆವಿಯಲ್ಲಿ ಮುಳುಗೇಳುತ್ತಿದ್ದರು. ಅಮೆರಿಕ, ಜರ್ಮನಿಗಳಲ್ಲಿ ಇಂಥ ಅಂಗಡಿಗಳ ಮೇಲಿನ ಮಹಡಿಯ ಮನೆಗಳನ್ನು ಪರೀಕ್ಷಿಸಿದಾಗ ಅಲ್ಲಿನ ಬೆಣ್ಣೆಯಲ್ಲಿಯೂ ಪರ್ಕ್ ಸಿಕ್ಕಿತು. ಗಾಳಿಯಲ್ಲಿ ತೇಲಿಬಂದ ದ್ರಾವಕ ತನಗೆ ಪ್ರಿಯವಾದ ಜಿಡ್ಡನ್ನು ಹುಡುಕಿಕೊಂಡು ಹೋಗಿತ್ತು. ನೆಲಕ್ಕೆ ಚೆಲ್ಲಿದ ಪರ್ಕ್ ಭಾರವಾದುದರಿಂದ ಆಳಕ್ಕಿಳಿದು ಅಂತರ್ಜಲವನ್ನು ಸೇರುತ್ತದೆ.

ಇದನ್ನರಿತು ಕ್ಯಾಲಿಫೋರ್ನಿಯ ರಾಜ್ಯವು 2007ರಲ್ಲಿ ನಿಯಮ ಮಾಡಿ, 2023ರ ಹೊತ್ತಿಗೆ ಡ್ರೈ ಕ್ಲೀನಿಂಗಿನಿಂದ ಪರ್ಕನ್ನು ಹೊರಗಿಟ್ಟಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ ಅದನ್ನು ಹತ್ತು ವರ್ಷಗಳಲ್ಲಿ ಕ್ರಮೇಣ ನಿಲ್ಲಿಸುವ ನಿಯಮವನ್ನು ಪ್ರಕಟಿಸಿತು. ಪರ್ಯಾಯಗಳ ಹುಡುಕಾಟದಲ್ಲಿ ಒತ್ತಡಕ್ಕೆ ಒಳಪಡಿಸಿ ದ್ರವವಾಗಿಸಿದ ಇಂಗಾಲದ ಡೈಆಕ್ಸೈಡೂ ಬಂದಿದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ನೀರು ಮರಳಿ ಬಂದಿರುವುದು. 1990ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ‘ವೆಟ್ ಕ್ಲೀನಿಂಗ್’ ಪದ್ಧತಿಯಲ್ಲಿ ಉಣ್ಣೆಯ ಕೋಟನ್ನೂ ನೀರಿನಲ್ಲಿಯೇ ತೊಳೆಯುತ್ತಾರೆ. ನೀರಿನ ತಾಪ, ಪೀಪಾಯಿಯ ತಿರುಗುವಿಕೆ, ಒಣಗಿಸುವಾಗ ಉಳಿಯಬೇಕಾದ ತೇವ ಇವೆಲ್ಲವನ್ನೂ ಯಂತ್ರವೇ ಲೆಕ್ಕಹಾಕಿ ನಡೆಸುತ್ತದೆ. ಸ್ವೆಟರನ್ನು ಅದುಮಿ ಅದುಮಿ ತೊಳೆಯುವ ತಾಯಂದಿರ ಕೈಯ ಹದವನ್ನು ಯಂತ್ರಕ್ಕೆ ಕಲಿಸಿದಂತಾಗಿದೆ. ಪಟ್ಟಿಯ ಮೇಲೆ ವೃತ್ತದೊಳಗೆ ‘ಡಬ್ಲ್ಯು’ ಅಕ್ಷರವಿದ್ದರೆ ಅದು ಈ ಪದ್ಧತಿಯ ಗುರುತು.

ಕೋಟು, ಕ್ರೇಪ್ ಸೀರೆಗಳಂಥವನ್ನು ಉಟ್ಟು ತೊಟ್ಟು ಬಂದಾಗಲೆಲ್ಲ ಅಂಗಡಿಗೆ ಅಟ್ಟಬೇಕಾಗಿಲ್ಲ. ನೆರಳಿನಲ್ಲಿ ಗಾಳಿಗೆ ಹರವಿ, ಕೋಟಾದರೆ ಬ್ರಷ್ಷಿನಿಂದ ಧೂಳು ಝಾಡಿಸಿ ಇಡಬಹುದು. ಬೆವರು ಅಥವಾ ಅಡುಗೆಯ ಕಲೆ ಉಳಿದ ಉಣ್ಣೆ, ರೇಷ್ಮೆಗಳನ್ನು ಮಾತ್ರ ಹಾಗೆಯೇ ಪೆಟ್ಟಿಗೆಗೆ ಸೇರಿಸಬಾರದು. ನುಸಿಗಳು ಮೊದಲು ಬಾಯಿಹಾಕುವುದು ಅಲ್ಲಿಗೆ. ಅಂಗಡಿಯಿಂದ ಮರಳಿ ಬಂದ ಬಟ್ಟೆಯಲ್ಲಿ ದ್ರಾವಕದ ವಾಸನೆ ಬಲವಾಗಿದ್ದರೆ ಅದು ಸರಿಯಾಗಿ ಒಣಗಿಲ್ಲವೆಂದು ಅರ್ಥ. ಅದನ್ನು ಹಿಂದಕ್ಕೆ ಕೊಡಲು ಸಂಕೋಚಪಡಬೇಕಾಗಿಲ್ಲ. ವಾಸನೆ ಇಲ್ಲದಿದ್ದರೂ, ನುಣ್ಣಗೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆಯನ್ನು ಮನೆಗೆ ಬಂದೊಡನೆ ತೆಗೆದುಹಾಕಿ, ಕಿಟಕಿ ತೆರೆದ ಕೋಣೆಯಲ್ಲಿ ಬಟ್ಟೆಯನ್ನು ಒಂದು ದಿನ ಗಾಳಿಗೆ ಬಿಡಬೇಕು. ಆಮೇಲೆ ಜರಿಯ ಸೀರೆಯನ್ನು ಒಗೆದು ಒಣಗಿಸಿದ ಹಳೆಯ ಹತ್ತಿಪಂಚೆಯೊಂದರಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡಬಹುದು.